ಎಲ್ಲ ಕಾಮಾಲೆಯೂ ಒಂದೇ ಅಲ್ಲ
(ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವವರು ಮಕ್ಕಳ ಪಿತ್ತನಾಳದ ಬಗ್ಗೆ ಏಕೆ ಮಾತನಾಡಬೇಕು ಎಂದು ನೀವು ಕೇಳಬಹುದು. ನಾನು ವೈದ್ಯನಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮಕ್ಕಳನ್ನು ಅಪಾಯಕ್ಕೆ ದೂಡುವುದರಲ್ಲಿ ಒಂದು ಪದದ ಪಾಲೂ ಇದೆ. ಪದಗಳ ಕೆಲಸ ನನ್ನದೇ ಆದ್ದರಿಂದ ಮಾತನಾಡಲು ಧೈರ್ಯ ಮಾಡಿದ್ದೇನೆ. ಆ ಪದ ‘ಕಾಮಾಲೆ’. ಉತ್ತರ ಕರ್ನಾಟಕದ ಕಡೆ ಕಾಮಣಿ ಅನ್ನುತ್ತಾರೆ. ಉರ್ದುವಿನಲ್ಲಿ ಯರ್ಖಾನ್. ಮನೆ ಮಾತಿನಲ್ಲಿ ಪೀಲಿಯಾ. ಯಾವ ಹೆಸರಿನಿಂದ ಕರೆದರೂ ನಮ್ಮ ಮನಸ್ಸಿನಲ್ಲಿ ಮೂಡುವುದು ಒಂದೇ ಚಿತ್ರ: ಹಳದಿ ಕಣ್ಣು, ಪಥ್ಯ, ಸೊಪ್ಪಿನ ಔಷಧಿ, ಹದಿನೈದು ದಿನದಲ್ಲಿ ವಾಸಿ.

ಹಳದಿ ಎಂಬುದು ಬಣ್ಣ ಮಾತ್ರ, ಅದೇ ರೋಗವಲ್ಲ. ಮೈ ಬಿಸಿಯಾದರೆ ಜ್ವರ ಎನ್ನುತ್ತೇವೆ, ಆದರೆ ಮಲೇರಿಯಾ ಬೇರೆ, ಟೈಫಾಯಿಡ್ ಬೇರೆ ಎಂದು ಇವತ್ತು ಓದದವರಿಗೂ ಗೊತ್ತಿದೆ. ಕಾಮಾಲೆಯ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬಂದಿಲ್ಲ.

10ನೇ ತರಗತಿಯ ವಿದ್ಯಾರ್ಥಿಗಳು ವಿಜ್ಞಾನ ಪುಸ್ತಕದಲ್ಲಿ ಪಿತ್ತರಸದ ಬಗ್ಗೆ ಓದಿದ್ದೀರಿ. ಯಕೃತ್ತು, ಅಂದರೆ ಲಿವರ್, ಅದನ್ನು ತಯಾರಿಸುತ್ತದೆ. ಅದು ಸಣ್ಣ ಕರುಳಿಗೆ ಇಳಿದು ನಾವು ತಿಂದ ಕೊಬ್ಬನ್ನು ಚಿಕ್ಕ ಚಿಕ್ಕ ಹನಿಗಳಾಗಿ ಒಡೆಯುತ್ತದೆ. ಯುನಾನಿ ಹಕೀಮರು ‘ಸಫ್ರಾ’ ಎನ್ನುವುದು ಇದನ್ನೇ. ರಕ್ತ, ಬಲ್ಗಮ್, ಸಫ್ರಾ, ಸೌದಾ ಎಂದು ಅವರು ಹೇಳುವ ನಾಲ್ಕು ದ್ರವಗಳಲ್ಲಿ ಇದೂ ಒಂದು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಲಿವರ್ ಅದನ್ನು ಸೋಸಿ ಪಿತ್ತರಸದ ಜೊತೆಗೆ ಕರುಳಿಗೆ ಕಳಿಸುತ್ತದೆ. ನಮ್ಮ ಮಲಕ್ಕೆ ಬರುವ ಹಳದಿ, ಕಂದು ಬಣ್ಣ ಅದರಿಂದಲೇ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಸಭೆಯಲ್ಲಿ ಮಲಮೂತ್ರದ ಮಾತೇ ಎಂದು ಹಿರಿಯರು ಬೇಸರಪಡಬಾರದು. ಮುಂದೆ ನಾನು ಹೇಳುವುದೆಲ್ಲ ಅದರ ಮೇಲೆಯೇ ನಿಂತಿದೆ.

ಹಾಗಾದರೆ ಕಣ್ಣು ಯಾವಾಗ ಹಳದಿಯಾಗುತ್ತದೆ? ರಕ್ತಕಣಗಳು ವಿಪರೀತವಾಗಿ ಒಡೆದರೆ ಆಗುತ್ತದೆ. ಲಿವರಿಗೇ ಉರಿಯೂತ ಬಂದರೂ ಆಗುತ್ತದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಈ ಜಾತಿಯದು, ಶಾಲಾ ಮಕ್ಕಳಲ್ಲಿ ನಾವು ಹೆಚ್ಚಾಗಿ ನೋಡುವುದು ಇದನ್ನೇ. ಮೂರನೆಯದು, ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳದಲ್ಲೇ ತಡೆಯಾದಾಗ ಬರುವ ಕಾಮಾಲೆ. ಆಗ ಕರುಳಿಗೆ ಹೋಗಬೇಕಾದ ಬಣ್ಣ ರಕ್ತಕ್ಕೆ ಹಿಂದಿರುಗುತ್ತದೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕಡು ಹಳದಿಯಾಗಿ, ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮಲ ಬಣ್ಣ ಕಳೆದುಕೊಂಡು ಜೇಡಿಮಣ್ಣಿನ ಹಾಗೆ, ಕೆಲವೊಮ್ಮೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ.

ಸೊಪ್ಪಿನ ಔಷಧಿಗೆ ಅಷ್ಟೊಂದು ಹೆಸರು ಹೇಗೆ ಬಂತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಎ ಬಂದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆ ಅವಧಿಯಲ್ಲಿ ನೆಲನೆಲ್ಲಿ ಕುಡಿಸಿದರೆ ನೆಲನೆಲ್ಲಿಗೆ ಹೆಸರು, ತಾಯಿತ ಕಟ್ಟಿದರೆ ತಾಯಿತಕ್ಕೆ ಹೆಸರು. ಇನ್ನು ಸುಣ್ಣದ ನೀರಿನಲ್ಲಿ ಕೈ ತೊಳೆಸಿ, ನೀರು ಹಳದಿಯಾದದ್ದನ್ನು ತೋರಿಸಿ ಕಾಮಾಲೆ ಇಳಿಯಿತು ಎನ್ನುವವರಿದ್ದಾರೆ. ಮಾವಿನ ತೊಗಟೆಯ ರಸ ಕೈಗೆ ಸವರಿಕೊಂಡು ಸುಣ್ಣದ ನೀರಿಗೆ ಇಟ್ಟರೆ ಕಾಯಿಲೆಯೇ ಇಲ್ಲದವನ ಕೈಯಿಂದಲೂ ಹಳದಿ ಇಳಿಯುತ್ತದೆ. ವಿಜ್ಞಾನ ಶಿಕ್ಷಕರನ್ನು ಕೇಳಿ, ತರಗತಿಯಲ್ಲೇ ಮಾಡಿ ತೋರಿಸುತ್ತಾರೆ. ಹಸುಗೂಸಿಗೆ ಬರೆ ಹಾಕುವ ಪದ್ಧತಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ಔಷಧಿಯಲ್ಲ, ಮಾತು ಬಾರದ ಮಗುವಿಗೆ ಕೊಡುವ ಹಿಂಸೆ.

ನಾಳದಲ್ಲಿ ತಡೆ ಇದ್ದರೆ ಈ ಯಾವುದರಿಂದಲೂ ಅದು ತೆರೆಯುವುದಿಲ್ಲ. ಮಕ್ಕಳಲ್ಲಿ ಇಂಥ ತಡೆಗೆ ಇರುವ ಕಾರಣಗಳಲ್ಲಿ ಒಂದು, ಹುಟ್ಟಿನಿಂದಲೇ ಪಿತ್ತನಾಳ ಚೀಲದಂತೆ ಊದಿಕೊಂಡಿರುವುದು. ವೈದ್ಯರು ಇದನ್ನು ಕೊಲಿಡೋಕಲ್ ಸಿಸ್ಟ್ ಎಂದು ಕರೆಯುತ್ತಾರೆ.

ಈ ಹೆಸರನ್ನು ನಾನು ಮೊದಲು ಓದಿದ್ದು ಒಂದು ಸ್ಕ್ಯಾನ್ ವರದಿಯಲ್ಲಿ. ನಮ್ಮ ಊರಿನ ಒಬ್ಬ ತಂದೆ ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ಶಾಲೆಗೆ ತಂದು, ಇದರಲ್ಲಿ ಏನು ಬರೆದಿದೆ ಓದಿ ಹೇಳಿ ಎಂದರು. ಅವರ ಏಳು ವರ್ಷದ ಮಗಳಿಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಆಗಾಗ ಹೊಟ್ಟೆನೋವು ಬರುತ್ತಿತ್ತು. ಜಂತುಹುಳದ ಮಾತ್ರೆ ಆಯಿತು, ಗ್ಯಾಸಿನ ಮಾತ್ರೆ ಆಯಿತು. ಶಾಲೆ ತಪ್ಪಿಸಲು ನೆಪ ಎಂದು ಮನೆಯಲ್ಲಿ ಬೈದದ್ದೂ ಆಯಿತು. ನಡುವೆ ಎರಡು ಸಲ ಕಣ್ಣು ಹಳದಿಯಾಗಿತ್ತು. ಎರಡು ಸಲವೂ ಸೊಪ್ಪಿನ ಔಷಧಿ ಕೊಟ್ಟರು, ಎರಡು ಸಲವೂ ಹತ್ತು ದಿನದೊಳಗೆ ಹಳದಿ ಹೋಯಿತು. ಮನೆಯವರ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೂರನೆಯ ಸಲ ಚಳಿಜ್ವರ ಬಂದು, ವಾಂತಿಯಾಗಿ, ನೋವಿನಿಂದ ಮಗು ಮುದುಡಿ ಮಲಗಿದ ಮೇಲೆ ಸ್ಕ್ಯಾನ್ ಮಾಡಿಸಿದರು. ಮಕ್ಕಳಲ್ಲಿ ಕೆಲವೇ ಮಿಲಿಮೀಟರ್ ಅಗಲ ಇರಬೇಕಾದ ನಾಳ 4 ಸೆಂಟಿಮೀಟರ್ ಊದಿದೆ ಎಂದು ಆ ವರದಿಯಲ್ಲಿತ್ತು. ಹೇಳುತ್ತಾ ಹೋದಂತೆ ಆ ತಂದೆಯ ಮುಖ ಇಳಿಯಿತು. ಅವರು ಕೇಳಿದ ಮೊದಲ ಪ್ರಶ್ನೆ, ಮಾತ್ರೆಯಲ್ಲಿ ಕರಗುವುದಿಲ್ಲವೇ?

ಕರಗುವುದಿಲ್ಲ. ಏಕೆಂದರೆ ಇದು ಗಂಟಲ್ಲ, ಕಲ್ಲಲ್ಲ. ನಾಳದ ಗೋಡೆಯೇ ಹಿಗ್ಗಿ ಚೀಲವಾಗಿದೆ. ಏಕೆ ಹಿಗ್ಗುತ್ತದೆ ಎಂಬುದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆಯನ್ನು 1969ರಲ್ಲಿ ಬ್ಯಾಬಿಟ್ ಎಂಬ ವೈದ್ಯರು ಕೊಟ್ಟರು. ಪಿತ್ತನಾಳವೂ ಮೇದೋಜ್ಜೀರಕ ಗ್ರಂಥಿಯ ನಾಳವೂ ಕರುಳನ್ನು ಸೇರುವ ಜಾಗದಲ್ಲಿ ಒಂದಾಗುತ್ತವೆ. ಕರುಳಿನ ಗೋಡೆಯೊಳಗೆ ಸೇರಬೇಕಾದ ಈ ಎರಡು ನಾಳಗಳು ಕೆಲವು ಮಕ್ಕಳಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಕೂಡಿಬಿಡುತ್ತವೆ. ಆಗ ಮೇದೋಜ್ಜೀರಕದ ತೀಕ್ಷ್ಣ ರಸ ಹಿಮ್ಮುಖವಾಗಿ ಪಿತ್ತನಾಳಕ್ಕೆ ನುಗ್ಗಿ, ಅದರ ಗೋಡೆಯನ್ನು ಸವೆಸಿ ದುರ್ಬಲಗೊಳಿಸುತ್ತದೆ. ಎರಡು ಕಾಲುವೆಗಳು ಕೂಡಬಾರದ ಕಡೆ ಕೂಡಿ ಒಂದರ ನೀರು ಇನ್ನೊಂದಕ್ಕೆ ಹಿಂದಕ್ಕೆ ಹರಿದಂತೆ ಎಂದು ತಿಳಿಯಿರಿ. ಎಲ್ಲ ಮಕ್ಕಳಲ್ಲೂ ಕಾರಣ ಇದೇ ಎನ್ನಲಾಗದು. ಹುಟ್ಟುವ ಮೊದಲೇ ಗರ್ಭದ ಸ್ಕ್ಯಾನಿನಲ್ಲಿ ಚೀಲ ಕಾಣಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಇದು ಹೊಸ ಕಾಯಿಲೆಯಲ್ಲ. ಜರ್ಮನಿಯ ವಾಟರ್ 1723ರಲ್ಲಿಯೇ ಇಂಥ ನಾಳವನ್ನು ವರ್ಣಿಸಿದ್ದರು. 1852ರಲ್ಲಿ ಡಗ್ಲಸ್ ಎಂಬ ವೈದ್ಯರು ಒಬ್ಬ ಹದಿಹರೆಯದ ಹುಡುಗಿಯಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ಬರೆದರು. ಇಂದು ವೈದ್ಯರು ಬಳಸುವ ಐದು ಬಗೆಯ ವಿಂಗಡಣೆ ಜಪಾನಿನ ತೊದಾನಿ ಮತ್ತು ಸಂಗಡಿಗರದು, 1977ರದು. ಜಪಾನಿನವರು ಇದರಲ್ಲಿ ಮುಂದಿರುವುದಕ್ಕೆ ಕಾರಣವಿದೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಒಂದು ಲಕ್ಷದಿಂದ ಒಂದೂವರೆ ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವ ಈ ತೊಂದರೆ ಜಪಾನಿನಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಾಣುತ್ತದೆ ಎಂದು ಲೆಕ್ಕ ಹೇಳುತ್ತಾರೆ. ಏಷ್ಯಾದಲ್ಲಿ ಇದು ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಈ ಮಾತಿಗೆ ಮತ್ತೆ ಬರುತ್ತೇನೆ.

ಪುಸ್ತಕಗಳಲ್ಲಿ ಮೂರು ಲಕ್ಷಣಗಳನ್ನು ಹೇಳುತ್ತಾರೆ: ಹೊಟ್ಟೆನೋವು, ಕಾಮಾಲೆ, ಬಲಗಡೆ ಪಕ್ಕೆಲುಬಿನ ಕೆಳಗೆ ಗಡ್ಡೆ. ಆದರೆ ಮೂರೂ ಒಟ್ಟಿಗೆ ಸಿಗುವುದು ಐದು ಮಕ್ಕಳಲ್ಲಿ ಒಬ್ಬರಿಗೂ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಬಂದು ಹೋಗುವ ನೋವು, ಬಂದು ಹೋಗುವ ಹಳದಿ, ಇಷ್ಟೇ ಇರಬಹುದು. ನಾಳ ಒಮ್ಮೆ ಕಟ್ಟಿಕೊಳ್ಳುತ್ತದೆ, ಒಮ್ಮೆ ಬಿಡುತ್ತದೆ. ಆದ್ದರಿಂದ ಶಿಕ್ಷಕ ಮಿತ್ರರಿಗೆ ಒಂದು ಮಾತು. ಒಂದೇ ಮಗು ಮತ್ತೆ ಮತ್ತೆ ಹೊಟ್ಟೆ ಹಿಡಿದುಕೊಂಡು ಕೂತರೆ ಬೆಳಕಿನ ಕಡೆ ಕರೆದು ಕಣ್ಣಿನ ಬಿಳಿ ಭಾಗ ನೋಡಿ. ತಂದೆ ತಾಯಿಗೆ ಹೇಳಿ ಹೊಟ್ಟೆಯ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಲು ತಿಳಿಸಿ. ಈ ಕಾಯಿಲೆ ಮೊದಲು ಕಾಣುವುದು ಸಾಮಾನ್ಯ ಅಲ್ಟ್ರಾಸೌಂಡಿನಲ್ಲೇ. ಅದಕ್ಕೆ ಮಗುವಿಗೆ ಸೂಜಿ ಚುಚ್ಚಬೇಕಾಗಿಲ್ಲ, ನೋವೂ ಇಲ್ಲ. ನಾಳಗಳ ಪೂರ್ತಿ ನಕ್ಷೆ ಬೇಕಾದಾಗ ಎಂ.ಆರ್.ಸಿ.ಪಿ. ಎಂಬ ಇನ್ನೊಂದು ಸ್ಕ್ಯಾನ್ ಮಾಡುತ್ತಾರೆ.

ಇನ್ನು ಹಸುಗೂಸುಗಳ ವಿಷಯ. ತಾಯಂದಿರು, ಅಜ್ಜಿಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡು ಮೂರನೆಯ ದಿನ ಸ್ವಲ್ಪ ಹಳದಿ ಬರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಅದು ಎರಡು ವಾರದೊಳಗೆ ಹೋಗಬೇಕು. ಹದಿನಾಲ್ಕು ದಿನ ಕಳೆದರೂ ಕಣ್ಣು ಹಳದಿ ಇದ್ದರೆ ಬಿಸಿಲಿಗೆ ಹಿಡಿಯುತ್ತಾ ಕೂರಬಾರದು. ರಕ್ತ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ ಎಷ್ಟು ಎಂದು ನೋಡಿದರೆ ಸಾಲದು, ಅದರಲ್ಲಿ ‘ಡೈರೆಕ್ಟ್’ ಎಷ್ಟು ಎಂದು ಕೇಳಬೇಕು. ಡೈರೆಕ್ಟ್ ಹೆಚ್ಚಾಗಿದ್ದರೆ ತೊಂದರೆ ಲಿವರಿನಲ್ಲಿ ಅಥವಾ ನಾಳದಲ್ಲಿದೆ ಎಂದು ಅರ್ಥ. ಅಂಥ ಹಳದಿಗೆ ಬಿಸಿಲು ಮದ್ದಲ್ಲ.

ನಮ್ಮ ಮನೆಗಳಲ್ಲಿ ಬಾಣಂತಿಗೆ ಚಿಲ್ಲಾ ಇದೆ. ನಲವತ್ತು ದಿನ ತಾಯಿ ಮಗು ಒಳಕೋಣೆಯಲ್ಲಿ, ಅರೆಗತ್ತಲೆಯಲ್ಲಿ, ಬೆಚ್ಚಗೆ. ಬಾಣಂತಿಗೆ ವಿಶ್ರಾಂತಿ ಬೇಕು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಒಂದು ಲೆಕ್ಕ ಮಾಡಿ. ಈ ಚೀಲಕ್ಕೆ ಹತ್ತಿರದ ಇನ್ನೊಂದು ಕಾಯಿಲೆ ಇದೆ, ಬಿಲಿಯರಿ ಅಟ್ರೇಸಿಯಾ. ಅದರಲ್ಲಿ ನಾಳ ಊದುವುದಿಲ್ಲ, ಒಣಗಿ ಮುಚ್ಚಿಹೋಗುತ್ತದೆ. ಹಸುಗೂಸಿನ ಸ್ಕ್ಯಾನಿನಲ್ಲಿ ಚೀಲ ಕಂಡಾಗ ಇದು ಯಾವುದು ಎಂದು ತಜ್ಞರೇ ನಿರ್ಧರಿಸಬೇಕಾಗುತ್ತದೆ, ಕೆಲವು ಅಟ್ರೇಸಿಯಾ ಮಕ್ಕಳಲ್ಲೂ ಚೀಲ ಇರುತ್ತದೆ. ಅದಕ್ಕೆ ಜಪಾನಿನ ಮೊರಿಯೊ ಕಸಾಯಿ 1950ರ ದಶಕದಲ್ಲಿ ಕಂಡುಹಿಡಿದ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲ ಕೊಡುವುದು ಮಗುವಿಗೆ 60 ದಿನ ತುಂಬುವುದರೊಳಗೆ ಮಾಡಿದಾಗ. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗಿ, ಕಡೆಗೆ ಬೇರೆ ಲಿವರ್ ಜೋಡಿಸಬೇಕಾಗುತ್ತದೆ. ಅರವತ್ತರಲ್ಲಿ ನಲವತ್ತನ್ನು ಚಿಲ್ಲಾ ತೆಗೆದುಕೊಂಡರೆ ಉಳಿಯುವುದು ಇಪ್ಪತ್ತು ದಿನ. ಆ ಇಪ್ಪತ್ತರಲ್ಲಿ ವೈದ್ಯರನ್ನು ಹುಡುಕಬೇಕು, ಪರೀಕ್ಷೆ ಆಗಬೇಕು, ಹಣ ಹೊಂದಿಸಬೇಕು, ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು.

ಅಖೀಖಾ ಏಳನೆಯ ದಿನ ಮಾಡಬೇಕೆಂದು ನಾವು ದಿನ ಎಣಿಸುತ್ತೇವಲ್ಲ, ಹಾಗೆಯೇ ಹದಿನಾಲ್ಕನೆಯ ದಿನವನ್ನೂ ಎಣಿಸಿರಿ. ಆ ದಿನ ಮಗುವನ್ನು ಕಿಟಕಿಯ ಬಳಿಗೆ ತಂದು ಹಗಲು ಬೆಳಕಿನಲ್ಲಿ ಕಣ್ಣು ನೋಡಿ. ಬಟ್ಟೆಯನ್ನು ಒಗೆಯುವ ಮೊದಲು ಅದೇ ಬೆಳಕಿನಲ್ಲಿ ನೋಡಿ. ಎಳೆ ಮಗುವಿನ ಮೂತ್ರಕ್ಕೆ ಬಣ್ಣವೇ ಇರಬಾರದು, ಬಟ್ಟೆಗೆ ಹಳದಿ ಕಲೆ ಹತ್ತಿದರೆ ಅನುಮಾನಿಸಿ. ಮಲ ಹಳದಿ, ಹಸಿರು, ಕಂದು ಯಾವುದಿದ್ದರೂ ಹೆದರಬೇಡಿ. ಬೂದಿ, ಸುಣ್ಣ, ಜೇಡಿಮಣ್ಣಿನ ಬಣ್ಣವಿದ್ದರೆ ಅದೇ ದಿನ ಹೊರಡಿ. ತೈವಾನಿನಲ್ಲಿ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳನ್ನು ಮುದ್ರಿಸಿದ ಕಾರ್ಡ್ ಕೊಡುತ್ತಾರೆ. ತಾಯಿ ಹೋಲಿಸಿ ನೋಡಿದರಾಯಿತು. ಅದರಿಂದ ಸಮಯಕ್ಕೆ ಸರಿಯಾಗಿ ಶಸ್ತ್ರಚಿಕಿತ್ಸೆ ಪಡೆದ ಮಕ್ಕಳ ಪ್ರಮಾಣ ಏರಿತು. ಯಂತ್ರ ಬೇಕಾಗಲಿಲ್ಲ, ಒಂದು ತುಂಡು ಕಾಗದ ಸಾಕಾಯಿತು. ನಮ್ಮ ಸಂಘ ಪ್ರತಿ ವರ್ಷ ಕ್ಯಾಲೆಂಡರ್ ಅಚ್ಚು ಹಾಕಿಸುತ್ತದೆ. ಅದರ ಒಂದು ಪುಟದ ಹಿಂಬದಿಯಲ್ಲಿ, ಮಕ್ಕಳ ತಜ್ಞರ ಸಲಹೆ ಪಡೆದು, ಇಂಥ ಬಣ್ಣಗಳನ್ನು ಹಾಕಿಸಬಾರದೇಕೆ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಕಾರಣಕ್ಕೂ ಬೇಗ ತೋರಿಸಬೇಕು. ಪಿತ್ತರಸ ಕರುಳಿಗೆ ಬಾರದಿದ್ದರೆ ವಿಟಮಿನ್ ಕೆ ಹೀರಲ್ಪಡುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ. ಕಾಮಾಲೆ ಇರುವ ಹಸುಗೂಸಿಗೆ ಮೂಗಿನಲ್ಲೋ ಹೊಕ್ಕುಳಿನಲ್ಲೋ ರಕ್ತ ಜಿನುಗಿದರೆ ಅದು ತುರ್ತು.

ಈಗ ಶಸ್ತ್ರಚಿಕಿತ್ಸೆಯ ಮಾತು. ಹಿಂದಿನ ಕಾಲದಲ್ಲಿ ಚೀಲವನ್ನು ಒಳಗೇ ಬಿಟ್ಟು, ಅದಕ್ಕೂ ಕರುಳಿಗೂ ದಾರಿ ಮಾಡಿ ಹೊಲಿದುಬಿಡುತ್ತಿದ್ದರು. ಕಾಮಾಲೆ ಹೋಗುತ್ತಿತ್ತು. ಆದರೆ ಉಳಿದ ಚೀಲದಲ್ಲಿ ಮತ್ತೆ ಮತ್ತೆ ಸೋಂಕು, ಕಲ್ಲು, ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಕ್ಯಾನ್ಸರ್. ಆದ್ದರಿಂದ ಈಗ ಚೀಲವನ್ನೇ ಪಿತ್ತಕೋಶದ ಸಮೇತ ತೆಗೆದುಹಾಕಿ, ಸಣ್ಣ ಕರುಳಿನ ಒಂದು ಭಾಗವನ್ನು ಮೇಲಕ್ಕೆ ತಂದು ಲಿವರಿನಿಂದ ಹೊರಡುವ ನಾಳಕ್ಕೆ ಜೋಡಿಸುತ್ತಾರೆ. ಪಿತ್ತಕೋಶ ತೆಗೆದರೆ ಮಗು ಹೇಗೆ ಬದುಕೀತು ಎಂದು ಆ ಮನೆಯ ಅಜ್ಜಿ ಅತ್ತರು. ಪಿತ್ತರಸ ಹುಟ್ಟುವುದು ಲಿವರಿನಲ್ಲಿ. ಪಿತ್ತಕೋಶ ಅದನ್ನು ಕೂಡಿಟ್ಟುಕೊಳ್ಳುವ ತೊಟ್ಟಿ ಅಷ್ಟೇ. ತೊಟ್ಟಿ ಇಲ್ಲದೆಯೂ ನಲ್ಲಿ ಹರಿಯುತ್ತದೆ. ಲಿವರಿನ ಒಳಗಿನ ನಾಳಗಳೂ ಊದಿದ್ದರೆ ಚಿಕಿತ್ಸೆ ಇನ್ನೂ ಜಟಿಲ, ಅದನ್ನು ತಜ್ಞರೇ ವಿವರಿಸಬೇಕು. ಹೆಚ್ಚಿನ ಮಕ್ಕಳಲ್ಲಿ ಚೀಲ ಹೊರಗಿನ ನಾಳದ್ದೇ ಆಗಿರುತ್ತದೆ.

ಅಜ್ಜಿಯ ದುಃಖಕ್ಕಿಂತ ನನಗೆ ಕಷ್ಟವಾದದ್ದು ಆ ಮನೆಯಲ್ಲಿ ಎದ್ದ ಇನ್ನೊಂದು ಮಾತು. ಹೆಣ್ಣುಮಗು, ಹೊಟ್ಟೆಯ ಮೇಲೆ ಇಷ್ಟುದ್ದ ಗಾಯದ ಗುರುತು, ನಾಳೆ ಸಂಬಂಧ ಹೇಗೆ ಬಂದೀತು, ಸ್ವಲ್ಪ ದಿನ ನೋಡೋಣ ಎಂದರು ಒಬ್ಬ ಹಿರಿಯರು. ಹುಡುಗಿಯರಲ್ಲೇ ಹೆಚ್ಚಾಗಿ ಕಾಣುವ ಕಾಯಿಲೆ ಇದು ಎಂದು ಆಗ ಹೇಳಿದೆನಲ್ಲ. ಹಾಗಾಗಿ ಈ ‘ನೋಡೋಣ’ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೋ ಯೋಚಿಸಿ. ಕಾದರೆ ಏನಾಗುತ್ತದೆ? ಚೀಲ ಉಳಿದಷ್ಟು ವರ್ಷ ಕ್ಯಾನ್ಸರಿನ ಭಯ ಬೆಳೆಯುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ಅದು ಶೇಕಡಾ 1ಕ್ಕೂ ಕಡಿಮೆ, ಇಪ್ಪತ್ತು ದಾಟಿದ ಮೇಲೆ ಶೇಕಡಾ 10ಕ್ಕೂ ಹೆಚ್ಚು ಎಂದು ವೈದ್ಯರ ಲೆಕ್ಕ. ಗರ್ಭಿಣಿಯಾದಾಗ ಚೀಲದಿಂದ ಸೋಂಕು ಬಂದು, ಕೆಲವೊಮ್ಮೆ ಅದು ಒಡೆದು, ತಾಯಿ ಮಗು ಇಬ್ಬರಿಗೂ ಅಪಾಯವಾಗಬಹುದು. ಮದುವೆಗಾಗಿ ಬಚ್ಚಿಟ್ಟ ಕಾಯಿಲೆ ಮದುವೆಯ ನಂತರವೇ ಹೊರಗೆ ಬರುತ್ತದೆ. ಸಮಯಕ್ಕೆ ಶಸ್ತ್ರಚಿಕಿತ್ಸೆ ಆದ ಹುಡುಗಿ ಓದುತ್ತಾಳೆ, ಆಡುತ್ತಾಳೆ, ದೊಡ್ಡವಳಾಗಿ ತಾಯಿಯೂ ಆಗುತ್ತಾಳೆ. ಗುರುತಿನ ಚಿಂತೆ ಇರುವವರಿಗೆ ಹೇಳುತ್ತೇನೆ, 1995ರಿಂದೀಚೆಗೆ ಇದನ್ನು ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಿದ್ದಾರೆ. ಆದರೆ ಯಾವ ವಿಧಾನ ಎಂಬುದನ್ನು ಶಸ್ತ್ರಚಿಕಿತ್ಸಕರಿಗೆ ಬಿಡಿ.

ತಾಯಿಯ ಮೇಲೆ ತಪ್ಪು ಹೊರಿಸುವುದೂ ಬೇಡ. ಗ್ರಹಣದಲ್ಲಿ ಹೊರಗೆ ಬಂದಳು, ಅದು ತಿಂದಳು, ಇದು ತಿಂದಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದು ಬಹಳ ಅಪರೂಪ.

ದುಆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಮಾಡುತ್ತೇನೆ. ಒಂಟೆ ಕಟ್ಟುವ ಹದೀಸ್ ಈ ಸಭೆಯಲ್ಲಿರುವ ಚಿಕ್ಕ ಮಕ್ಕಳಿಗೂ ಗೊತ್ತು, ನಾನು ವಿವರಿಸಬೇಕಾಗಿಲ್ಲ.

ಖರ್ಚಿನ ಬಗ್ಗೆ ಎರಡು ಮಾತು. ಮಕ್ಕಳ ತಜ್ಞರು ಬೇರೆ, ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು ಬೇರೆ. ಈ ಕಾಯಿಲೆಗೆ ಎರಡನೆಯವರು ಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಆ ವಿಭಾಗ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಿ ಕೂರದೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಪತ್ರ ಪಡೆಯಿರಿ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿಸದೆ ಬಿಟ್ಟವರು ಇಂದೇ ಸೇರಿಸಿ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತ ಮೇಲೆ ಅದು ನೆನಪಾದರೆ ದಿನಗಳು ವ್ಯರ್ಥವಾಗುತ್ತವೆ. ಅರ್ಜಿ ಬರೆಯಲು, ವರದಿ ಓದಲು ಬಾರದವರು ಸಂಕೋಚವಿಲ್ಲದೆ ನಮ್ಮ ಶಾಲೆಗೆ ಬನ್ನಿ.

ಆ ಹುಡುಗಿಗೆ ಶಸ್ತ್ರಚಿಕಿತ್ಸೆ ಆಯಿತು, ಶಾಲೆಗೆ ಮರಳಿದಳು. ಅಲ್ಲಿಗೆ ಮುಗಿಯಿತು ಎಂದು ಮನೆಯವರು ತಿಳಿದರು. ಎರಡನೆಯ ತಪಾಸಣೆಗೆ ಕರೆದುಕೊಂಡು ಹೋಗಲು ಅವಳ ತಂದೆಗೆ ಮೂರು ಸಲ ಹೇಳಬೇಕಾಯಿತು. ಜೋಡಿಸಿದ ಜಾಗ ಕೆಲವು ಮಕ್ಕಳಲ್ಲಿ ವರ್ಷಗಳ ನಂತರ ಕಿರಿದಾಗಬಹುದು, ಒಳಗೆ ಕಲ್ಲು ಕಟ್ಟಬಹುದು. ಚಳಿಜ್ವರದ ಜೊತೆ ಕಣ್ಣು ಮತ್ತೆ ಹಳದಿಯಾದರೆ ಅದನ್ನು ಸಾಮಾನ್ಯ ಜ್ವರ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದಷ್ಟು ವರ್ಷ, ದೊಡ್ಡವಳಾದ ಮೇಲೂ, ತಪಾಸಣೆ ಮತ್ತು ಸ್ಕ್ಯಾನ್ ತಪ್ಪಿಸಬಾರದು. ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜನನ ಪ್ರಮಾಣ ಪತ್ರದ ಜೊತೆ ಇಡಿ. ಒಳಗಿನ ದಾರಿ ಬದಲಾಗಿದೆ ಎಂಬುದು ಇಪ್ಪತ್ತು ವರ್ಷದ ನಂತರ ಹೊಟ್ಟೆನೋವಿಗೆ ನೋಡುವ ಹೊಸ ವೈದ್ಯರಿಗೆ ಆ ಕಾಗದದಿಂದಲೇ ತಿಳಿಯಬೇಕು. ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಫೈಲೂ ಅವಳ ಜೊತೆ ಹೋಗಲಿ.